ಮ್ಯಾಗ್ನೆಟ್ಟಿಗೆ ಅಂಟದ ಪೈಪು

"ಕಾಫಿ ಒಳ್ಳೇದೇ ಮೇಡಂ. ಆದ್ರೆ ಒಲೆ ಊದ್ತಾ ಕುಡಿದ ಹಾಗಿದೆ," ಎಂದರು ಚಿಕ್ಕಮಗಳೂರಿನಲ್ಲಿ ನಮ್ಮ ಸ್ಯಾಂಪಲ್ ರುಚಿ ನೋಡಿದವರು.

ಇಡೀ ಲಾಟ್ ವಾಪಸ್.

ತಿಂಗಳ ಹಿಂದಿನ ಮಾತು. ಕೊಯ್ಲಿನ ನಡುವೆ ಮೋಡ ಕವಿದು, ಪಾರ್ಚ್‌ಮೆಂಟನ್ನು ಡ್ರೈಯರ್‌ಗೆ ಹಾಕಿದ್ದೆವು. (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಕಾಫಿ.) ಡ್ರೈಯರ್‌ನಲ್ಲಿ ಬೆಂಕಿ, ಹೊಗೆ ಪೈಪಿನೊಳಗೆ ಹೋಗಬೇಕು, ಪೈಪು ಕಾಯಿಸಿದ ಗಾಳಿ ಮಾತ್ರ ಕಾಫಿಗೆ ತಾಗಬೇಕು. ಪೈಪು ತೂತಾದರೆ? ಟಾರ್ಚ್ ಬಿಟ್ಟು ನೋಡಿದೆ. ಬೆಂಕಿ ಮೊದಲು ಬಡಿಯುವ ಸಾಲಿನಲ್ಲಿ ಎರಡು ಪೈಪು ಪದರ ಪದರವಾಗಿ ಎದ್ದು ಬಾಯಿ ಬಿಟ್ಟಿದ್ದವು.

ಹಾಕಿಸಿ ಎರಡೇ ವರ್ಷ. ಹಾಕಿದವರು ಆಲ್ದೂರಿನಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ರೇವಣ್ಣ. ನಾನು ಕೇಳಿದ್ದು 310 ಗ್ರೇಡ್, ಕುಲುಮೆಯ ಶಾಖಕ್ಕೆಂದೇ ಇರುವ ಸ್ಟೇನ್‌ಲೆಸ್ ಸ್ಟೀಲ್. ಬಿಲ್ ತೆಗೆದು ನೋಡಿದರೆ ಅವರು ಹಾಕಿದ್ದು ಮಾಮೂಲಿ 304. 310 ಕೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆಲ್ದೂರಿನ ಹೋಟೆಲಿನಲ್ಲಿ ನಾಲ್ಕು ಜನರೆದುರು ಹೇಳಿಯೂ ಬಿಟ್ಟೆ. ಸುದ್ದಿ ಜೀಪು ಹತ್ತಿ ಕಳಸ ಮುಟ್ಟಿತು. ಇಬ್ಬರು ಪ್ಲಾಂಟರುಗಳು ರೇವಣ್ಣನವರಿಗೆ ಒಪ್ಪಿಸಿದ್ದ ಕೆಲಸ ಬೇಡವೆಂದರು.

ರೇವಣ್ಣ ತೋಟಕ್ಕೆ ಬಂದರು. ಜಗಳ ಆಡಲಿಲ್ಲ. ಪೈಪಿನ ಚೂರನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"304 ಹೌದು ಮೇಡಂ, ನಾನೇ ಹಾಕಿದ್ದು. ಮ್ಯಾಗ್ನೆಟ್ ಇಟ್ಟು ನೋಡಿ ಇದೇ ಸಾಕು ಅಂದಿದ್ದು ಯಾರು, ಸ್ವಲ್ಪ ನೆನಪು ಮಾಡ್ಕೊಳ್ಳಿ."

ನೆನಪಾಗಲಿಲ್ಲ. ನನ್ನ ನೆನಪಿಗೆ ಸದಾ ನನ್ನ ಪರ ವಕಾಲತ್ತು ವಹಿಸುವ ಚಾಳಿ. ಅದಕ್ಕೇ ಡೈರಿ ಬರೆಯುತ್ತೇನೆ. ಒಳಗೆ ಹೋಗಿ ಆ ವರ್ಷದ್ದು ತೆಗೆದೆ. ನನ್ನದೇ ಅಕ್ಷರ: "ರೇವಣ್ಣ 310 ಎಂದು ಹಟ ಹಿಡಿದರು. ಎರಡಕ್ಕೂ ಮ್ಯಾಗ್ನೆಟ್ ಅಂಟಲಿಲ್ಲ. ಎರಡೂ ಒಂದೇ, 304 ಸಾಕು ಅಂದೆ."

ಎರಡೂ ಒಂದೇ ಅಂತೆ! ನಮ್ಮ ಕಡೆ ಸ್ಟೀಲ್ ಪರೀಕ್ಷೆ ಎಂದರೆ ಜೀಪಿನಲ್ಲಿಟ್ಟ ಹಳೇ ಸ್ಪೀಕರಿನ ಮ್ಯಾಗ್ನೆಟ್. ಅಂಟಿದರೆ ಕಳಪೆ, ಅಂಟದಿದ್ದರೆ ಅಸಲಿ. ಹಾಲಿನ ಕ್ಯಾನಿಗೆ ಆ ಪರೀಕ್ಷೆ ಸಾಕೇನೋ. ಬೆಂಕಿಗೆ ಸಾಲದು. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರೊಳಗಿನ ಕ್ರೋಮಿಯಂ; ಗಾಳಿ ತಾಗಿದೊಡನೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕು ತಡೆಯುತ್ತದೆ. ಕೆಂಪಗೆ ಕಾದು, ಆರಿ, ಮತ್ತೆ ಕಾದರೆ 304ರ ಪೊರೆ ಉದುರುತ್ತದೆ. 310ರಲ್ಲಿ ಕ್ರೋಮಿಯಂ, ನಿಕ್ಕಲ್ ಎರಡೂ ಹೆಚ್ಚು (ಬೆಲೆಯೂ), ಪೊರೆ ತಡೆದುಕೊಳ್ಳುತ್ತದೆ. ಸಾಲದ್ದಕ್ಕೆ ನಾವು ಸೌದೆ ಜೊತೆ ಕಾಫಿ ಸಿಪ್ಪೆಯನ್ನೂ ಉರಿಸುತ್ತೇವೆ. ಅದರ ಬೂದಿಯ ಉಪ್ಪಿನಂಶ ಪೊರೆಯನ್ನೇ ತಿನ್ನುತ್ತದೆ. (ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು ನಾನು. ಹೇಳಿಕೊಳ್ಳಲು ನಾಚಿಕೆ.)

ಡೈರಿಯನ್ನು ರೇವಣ್ಣನವರ ಕೈಗೇ ಕೊಟ್ಟು ತಪ್ಪಾಯಿತೆಂದೆ. ಓದಿ ಮುಚ್ಚಿದರು.

"ಸಿಪ್ಪೆ ಹಾಕ್ಬೇಡಿ ಅಂತಾನೂ ಹೇಳಿದ್ದೆ. ಅದೊಂದು ಬರ್ದಿಲ್ಲ ಬಿಡಿ," ಎಂದರು.

ಈಗ 310 ಪೈಪು ಬಂದಿದೆ, ಸ್ಟೀಲ್ ಮಿಲ್ಲಿನ ಗ್ರೇಡ್ ಸರ್ಟಿಫಿಕೇಟ್ ಸಮೇತ. ಕೂರಿಸುವವರು ರೇವಣ್ಣನವರೇ. ಸಿಪ್ಪೆ ಗೊಬ್ಬರದ ಗುಂಡಿಗೆ. ಡೈರಿ ಹಿಡಿದು ಆ ಇಬ್ಬರು ಪ್ಲಾಂಟರುಗಳ ಮನೆಗೂ ಹೋಗಿ ಬಂದೆ. ಒಬ್ಬರು ಕೆಲಸ ಮತ್ತೆ ಒಪ್ಪಿಸಿದರು. ಇನ್ನೊಬ್ಬರು ಬೇರೆಯವರಿಗೆ ಹೇಳಿಯಾಯಿತು ಎಂದು ಕೈಚೆಲ್ಲಿದರು. ಆ ಒಂದು ಕೆಲಸವನ್ನು ನಾನು ಯಾವ ಲೋಹದಿಂದ ಬೆಸೆಯಲಿ?

ಸೋಮವಾರ ಬೆಳಿಗ್ಗೆ ಆಲ್ದೂರಿನ ಅದೇ ಹೋಟೆಲಿನಲ್ಲಿ ನಿಂತು ಈ ಬರಹವನ್ನು ಗಟ್ಟಿಯಾಗಿ ಓದುವವಳಿದ್ದೇನೆ. ಅಂದು ಬಾಯಿ ಚಪ್ಪರಿಸಿ ಕೇಳಿದವರೇ, ಇದನ್ನು ಕೇಳಲೂ ಬರುತ್ತೀರಾ?