ಎಸ್ತರಮ್ಮನ ಪಾವಕ್ಕಿ

ದಿನವೂ ಬೆಳಿಗ್ಗೆ, ಮಳೆಯಿರಲಿ ಬಿಸಿಲಿರಲಿ, ಎಸ್ತರಮ್ಮ ಕೊಡೆಯ ಹಿಡಿಕೆಗೆ ಒಂದು ಬಟ್ಟೆಯ ಚೀಲ ಸಿಕ್ಕಿಸಿಕೊಂಡು ಶೆಟ್ಟರ ಅಂಗಡಿಗೆ ಹೊರಡುತ್ತಿದ್ದರು. ಒಂದು ಪಾವು ಅಕ್ಕಿ, ಒಂದು ಹಿಡಿ ಬೇಳೆ, ಬೆಲ್ಲದ ಒಂದು ಚೂರು. ಮರುದಿನ ಮತ್ತೆ ಅಷ್ಟೇ. "ಅಮ್ಮಾ, ಒಂದು ವಾರದ್ದು ಒಟ್ಟಿಗೇ ತಗಂಡ್ ಹೋಗಿ. ಅಳೆದೂ ಅಳೆದೂ ನನ್ನ ರಟ್ಟೆ ಬಿತ್ತು" ಎಂದು ಶೆಟ್ಟರು ಗೋಗರೆದರೆ, "ವಾರದ್ದು ಕೊಡ್ತೇನೆ ಅಂತ ದೇವರು ಎಲ್ಲಿ ಹೇಳಿದ್ದಾನೆ ಶೆಟ್ರೇ? ದಿನದ್ದು ಕೊಡ್ತೇನೆ ಅಂದದ್ದು" ಎಂದು ಚೀಲದ ಬಾಯಿ ಅಗಲಿಸಿ ಹಿಡಿಯುತ್ತಿದ್ದರು.

ಇದು ಹೊಸನಗರದಲ್ಲಿ, ಅರವತ್ತರ ದಶಕದ ಮಾತು. ನಾನು ಆಗಷ್ಟೇ ಮದುವೆಯಾಗಿ ಸಾಗರದ ಕಡೆಯಿಂದ ಬಂದಿದ್ದೆ. ನಮ್ಮವರು ಅಲ್ಲಿ ಶಾಲೆಯ ಮೇಷ್ಟ್ರು. ಬಾಡಿಗೆಯ ಸಾಲುಮನೆಯಲ್ಲಿ ನಮ್ಮದೊಂದು ಮನೆ, ಗೋಡೆಯಾಚೆ ಎಸ್ತರಮ್ಮ. ಘಟ್ಟದ ಕೆಳಗಿನ ಕ್ರೈಸ್ತರು. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಾಲಲ್ಲಿ ತುಳಿಯುವ ಹೊಲಿಗೆಯ ಯಂತ್ರವೊಂದೇ ಆಸ್ತಿ. ಆಳು ಎತ್ತರ, ದನಿ ಇನ್ನೂ ಎತ್ತರ. ಅವರು ಯಂತ್ರ ತುಳಿಯುತ್ತ ಕೀರ್ತನೆ ಹಾಡಿದರೆ ನಮ್ಮ ಅಡುಗೆಮನೆಯ ಲೋಟಗಳೂ ಕೇಳಿಸಿಕೊಳ್ಳಬೇಕಿತ್ತು.

ಮಳೆಗಾಲಕ್ಕೆ ಮೊದಲು ಮಲೆನಾಡಿನ ಹೆಂಗಸರಿಗೆ ಒಂದು ಬಗೆಯ ಹುಚ್ಚು ಹಿಡಿಯುತ್ತದೆ. ನನಗೂ ಇತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಹಲಸಿನ ಬೀಜ, ಹುಣಸೆಹಣ್ಣಿನ ಉಂಡೆ, ದೀಪಾವಳಿಯವರೆಗೆ ಸಾಲುವಷ್ಟು ಅಕ್ಕಿ, ಸೂರಿನವರೆಗೆ ಸೌದೆ. ಆ ವರ್ಷ ನಾನು ಹಪ್ಪಳದ ಡಬ್ಬಿಯನ್ನು ಮಂಚದ ಕೆಳಗೂ ಇಟ್ಟಿದ್ದೆ. ನಮ್ಮವರು, "ಮಲಗೋದಕ್ಕಾದ್ರೂ ಜಾಗ ಬಿಡ್ತೀಯಾ, ಅಥವಾ ನನ್ನನ್ನೂ ಉಪ್ಪು ಹಾಕಿ ಭರಣಿಗೆ ತುಂಬ್ತೀಯಾ?" ಎಂದಿದ್ದರು.

ಇಂಥ ನಾನು ಎಸ್ತರಮ್ಮನ ಅಡುಗೆಮನೆಗೆ ಇಣುಕಿ ನೋಡಿದರೆ ಅಲ್ಲಿ ಏನಿದೆ? ಉಪ್ಪಿನ ಮರಿಗೆ, ಎಣ್ಣೆಯ ಕುಪ್ಪಿ, ಬೋರಲು ಹಾಕಿದ ಒಂದು ಖಾಲಿ ಡಬ್ಬಿ. ಕೇಳಿಯೇಬಿಟ್ಟೆ.

"ಮಳೆ ಹಿಡಿದ್ರೆ ಎಂತ ತಿಂತೀರಿ ಎಸ್ತರಮ್ಮ?"

ಅವರು ಸೂಜಿಗೆ ದಾರ ಪೋಣಿಸುತ್ತ ನನಗೆ ಬೈಬಲಿನ ಮರಳುಗಾಡಿನ ಕಥೆ ಹೇಳಿದರು. ಇಸ್ರಾಯೇಲರು ದಾಸ್ಯ ಬಿಟ್ಟು ಹೊರಟರಂತೆ, ತಿನ್ನಲು ಏನೂ ಇಲ್ಲವಂತೆ, ಗೊಣಗಿದರಂತೆ. ಆಗ ದೇವರು ಬೆಳಗಿನ ಇಬ್ಬನಿಯ ಜೊತೆ ಮನ್ನ ಎಂಬ ಆಹಾರ ಸುರಿಸಿದ. ಆದರೆ ಅಪ್ಪಣೆ ಒಂದೇ: ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಆರಿಸಿಕೊಳ್ಳಿ. "ಅವರಲ್ಲೂ ನಿನ್ನ ಹಾಗಿನವರು ಇದ್ರು ಮಾರಾಯ್ತಿ. ನಾಳೆಗೆ ಇರ್ಲಿ ಅಂತ ಮಡಕೇಲಿ ಮುಚ್ಚಿಟ್ರು. ಬೆಳಿಗ್ಗೆ ನೋಡಿದ್ರೆ ಹುಳ. ನಾತ ಅಂದ್ರೆ ನಾತ."

"ನನ್ನ ಹಪ್ಪಳಕ್ಕೆ ಹುಳ ಬೀಳೋದಿಲ್ಲ" ಎಂದೆ. ಕೋಪ ಬಂದಿತ್ತು.

"ಹಪ್ಪಳಕ್ಕೆ ಬೀಳದಿದ್ರೆ ತಲೆಗೆ ಬೀಳ್ತದೆ" ಎಂದು ದಾರ ಕಚ್ಚಿ ತುಂಡರಿಸಿದರು.

ಒಂದು ಶನಿವಾರ ಅವರ ಚೀಲ ಎಂದಿಗಿಂತ ಉಬ್ಬಿರುವುದನ್ನು ಕಂಡೆ. ಸಿಕ್ಕಿಬಿದ್ದರು ಎಂದು ಓಡಿಹೋಗಿ ಜಗಲಿಯಲ್ಲೇ ತಡೆದೆ. ಎರಡು ಪಾವು ಅಕ್ಕಿ. "ನಾಳೆ ಭಾನುವಾರ ಅಲ್ವಾ? ಅಂಗಡಿಗೆ ಹೋಗೋದಿಲ್ಲ. ಬಿಡುವಿನ ದಿನದ ಮುಂಚೆ ಎರಡು ಪಾಲು ತಗೊಳ್ಳಿ ಅಂತ ಅವತ್ತೇ ಅಪ್ಪಣೆ ಆಗಿದೆ. ಆ ಎರಡನೇ ಪಾಲಿಗೆ ಹುಳ ಬೀಳ್ಲಿಲ್ಲ. ಬೇಕಾದ್ರೆ ಓದಿ ಹೇಳ್ತೇನೆ, ಬಾ" ಎಂದರು. ವಕೀಲರ ಮನೆಯಲ್ಲಿ ಹುಟ್ಟಬೇಕಿತ್ತು ಈ ಹೆಂಗಸು ಎಂದುಕೊಂಡು ವಾಪಸಾದೆ.

ಆದರೂ ಮನಸ್ಸು ಕೇಳಬೇಕಲ್ಲ. ಮಳೆ ಶುರುವಾಗುವ ಹೊತ್ತಿಗೆ, ಅವರು ಅಳತೆ ತೆಗೆಯಲು ಯಾರದೋ ಮನೆಗೆ ಹೋಗಿದ್ದಾಗ, ನಮ್ಮ ಮನೆಯ ಅಕ್ಕಿ ಒಯ್ದು ಆ ಖಾಲಿ ಡಬ್ಬಿಯನ್ನು ಬಾಯಿತನಕ ತುಂಬಿಸಿಟ್ಟು ಬಂದೆ. ಪುಣ್ಯದ ಕೆಲಸ ಮಾಡಿದ ಬಿಂಕದಲ್ಲಿ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ. ಸಂಜೆ ಎದ್ದು ನೋಡಿದರೆ ಅವರ ಜಗಲಿಯಲ್ಲಿ ಪಂಕ್ತಿ! ಸೌದೆ ಒಡೆಯುವವರು, ಬಸ್ಸು ತಪ್ಪಿದವರು, ಶೆಟ್ಟರ ಅಂಗಡಿಯ ಆಳು, ಎಲ್ಲರೂ ಬಾಳೆಲೆಯ ಮುಂದೆ ಕೂತಿದ್ದಾರೆ. ಎಸ್ತರಮ್ಮ ಅನ್ನ ಬಡಿಸುತ್ತಿದ್ದಾರೆ. ನನ್ನ ಅಕ್ಕಿ!

"ಎಂತ ಮಾಡೋದು ಸಾವಿತ್ರಿ, ಇವತ್ತು ಇಷ್ಟೊಂದು ಕೊಟ್ಟುಬಿಟ್ಟ. ರಾತ್ರಿ ಇಟ್ರೆ ಕೆಡ್ತದೆ. ನೀನೂ ಕೂತ್ಕೋ."

"ಕೊಟ್ಟದ್ದು ದೇವರಲ್ಲ, ನಾನು" ಎಂದೆ ಹಲ್ಲು ಕಚ್ಚಿ.

"ಗೊತ್ತುಂಟು. ಬರಗಾಲದಲ್ಲಿ ಎಲೀಯ ಅಂತ ಒಬ್ಬ ಪ್ರವಾದಿ ಹಳ್ಳದ ಹತ್ರ ಅಡಗಿ ಕೂತಿದ್ದಾಗ ದೇವರು ಕಾಗೆಗಳ ಕೈಲಿ ರೊಟ್ಟಿ ಕಳಿಸಿದ. ಆ ಕಾಗೆ ಬಂದು, ತಂದದ್ದು ನಾನು, ತಂದದ್ದು ನಾನು ಅಂತ ಜಗಳ ಆಡಿದ್ದು ಎಲ್ಲೂ ಬರ್ದಿಲ್ಲ ಮಾರಾಯ್ತಿ."

ಪಂಕ್ತಿಯಲ್ಲಿದ್ದವರು ನಕ್ಕರು. ನನ್ನನ್ನು ಕಾಗೆ ಅಂದದ್ದು! ನಮ್ಮಲ್ಲಿ ಕಾಗೆಯನ್ನು ಕರೆಯುವುದು ಪಿಂಡ ಇಡುವಾಗ. ಮನೆಗೆ ಬಂದು ನಮ್ಮವರ ಮುಂದೆ ಹಾರಾಡಿದೆ. ಅವರು ಹೆಗಲ ಮೇಲಿನ ಪಂಚೆಯಲ್ಲಿ ಮುಖ ಮುಚ್ಚಿಕೊಂಡರು. ನಗುತ್ತಿದ್ದುದು ಗೊತ್ತಾಯಿತು.

ಮರುವರ್ಷ ನಾನು ಬಸುರಿಯಾದೆ. ಹೆರಿಗೆಗೆ ತವರಿಗೆ ಹೋಗುವುದೆಂದಿತ್ತು, ಸೀಮಂತಕ್ಕೆ ದಿನವನ್ನೂ ನೋಡಿಯಾಗಿತ್ತು. ಆದರೆ ಏಳು ತಿಂಗಳು ತುಂಬುತ್ತಿದ್ದಂತೆ, ಆಷಾಢದ ಜಡಿಮಳೆಯ ಒಂದು ಮಧ್ಯಾಹ್ನ, ಹೊಸನಗರದಲ್ಲೇ ಹೆರಿಗೆಯಾಗಿಹೋಯಿತು. ಹೆಣ್ಣು ಮಗು. ಅಂಗೈಗೆ ಸ್ವಲ್ಪ ಹೆಚ್ಚು, ಅಷ್ಟೇ. ಅಳಲೂ ಶಕ್ತಿಯಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಮನೆಗೇ ಬಂದು ನೋಡಿ, "ಶಿವಮೊಗ್ಗೆಗೆ ಒಯ್ಯಬಹುದಿತ್ತು, ಆದರೆ ಈ ಮಳೇಲಿ, ಈ ದಾರೀಲಿ ಬೇಡ. ಬೆಚ್ಚಗಿಡಿ. ಹಾಲು ಇಳಿದ್ರೆ ನೋಡೋಣ" ಎಂದು ಮಾತು ಅರ್ಧಕ್ಕೇ ನಿಲ್ಲಿಸಿದರು. ಮರ ಬಿದ್ದು ಸಾಗರದ ಬಸ್ಸು ನಿಂತಿತ್ತು. ಅಮ್ಮ ಬರುವ ಹಾಗಿರಲಿಲ್ಲ.

ಎಸ್ತರಮ್ಮ ಬಂದರು. ಅಲ್ಲಿಯವರೆಗೆ ಅವರು ನಮ್ಮ ಜಗಲಿ ದಾಟಿ ಒಳಗೆ ಬಂದವರಲ್ಲ. ನಾವು ಕರೆದೂ ಇರಲಿಲ್ಲ. ಅಂದು ನೇರವಾಗಿ ಕೋಣೆಗೆ ನಡೆದುಬಂದು, ಮಗುವನ್ನು ಹತ್ತಿಯಲ್ಲಿ ಸುತ್ತಿ ನನ್ನ ಎದೆಗೆ ಒರಗಿಸಿದರು. ಹಿಂಡಿದ ಹಾಲಿನಲ್ಲಿ ಹತ್ತಿಯ ಬತ್ತಿ ಅದ್ದಿ, ತೊಟ್ಟು ತೊಟ್ಟಾಗಿ ಆ ಪುಟ್ಟ ಬಾಯಿಗೆ ಬಿಟ್ಟರು. ನಮ್ಮವರು ಏನು ಹೇಳಿಯಾರೋ ಎಂದು ನೋಡಿದರೆ, ಅವರು ಎಸ್ತರಮ್ಮನ ಕೈಗೆ ಬಿಸಿನೀರು ಕೊಡುತ್ತ ನಿಂತಿದ್ದರು.

ನನ್ನ ತಲೆಗೆ ನಿಜವಾಗಿ ಹುಳ ಬಿದ್ದಿತ್ತು. ಇದು ಉಳಿಯುತ್ತದೆಯೇ? ಉಳಿದರೆ ಕಣ್ಣು ಕಾಣುತ್ತದೆಯೇ, ನಡೆಯುತ್ತದೆಯೇ, ಬುದ್ಧಿ ನೆಟ್ಟಗಿರುತ್ತದೆಯೇ? ಮುಂದೆ ಇದನ್ನು ಯಾರು ಮದುವೆಯಾಗುತ್ತಾರೆ? ಹಾಲು ಇಳಿಯದ ಮಗುವಿಗೆ ನಾನು ಗಂಡು ಹುಡುಕಿ ಅಳುತ್ತಿದ್ದೆ.

"ಅಷ್ಟು ದೂರ ಎಲ್ಲಿಗೆ ಹೋಗ್ತೀ ಮಾರಾಯ್ತಿ? ವಾಪಸ್ ಬಾ. ಇವತ್ತು ಹಾಲು ಕುಡೀಲಿ ಅಂತ ಕೇಳು, ಸಾಕು."

"ಯಾರನ್ನ ಕೇಳ್ಲಿ? ನಿಮ್ಮ ದೇವರನ್ನಾ?"

"ನಿನಗೆ ಗುರ್ತು ಇರುವವನನ್ನೇ ಕೇಳು. ನಾನು ನನ್ನವನನ್ನ ಕೇಳ್ತೇನೆ. ಆದ್ರೆ ಒಂದು ದಿನದ್ದು ಮಾತ್ರ. ದೊಡ್ಡ ಅರ್ಜಿ ಹಾಕ್ಬೇಡ."

ನನಗೆ ರೇಗಿತು. "ಬಾಯಲ್ಲಿ ಹೇಳೋದು ಸುಲಭ. ಕಳ್ಕೊಳ್ಳೋ ಭಯ ನಿಮಗೇನು ಗೊತ್ತು?" ಎಂದೆ.

ಅವರು ಬತ್ತಿ ಹಿಂಡುತ್ತಲೇ ಹೇಳಿದರು. ಗಂಡ ಲಿಂಗನಮಕ್ಕಿಯ ಅಣೆಕಟ್ಟೆ ಕೆಲಸದಲ್ಲಿ ಬಡಗಿ. ಅಲ್ಲಿಯ ಬಿಡಾರದಲ್ಲಿ ಸಂಸಾರ. "ಆಗ ನಾನೂ ನಿನ್ನ ಹಾಗೇ. ಮಳೆಗಾಲಕ್ಕೆ ಅಂತ ಇಬ್ಬರಿಗೆ ಅಳೆದು ಅಕ್ಕಿ ತುಂಬಿಸಿಟ್ಟಿದ್ದೆ. ಮಳೆ ಹಿಡಿದ ವಾರವೇ ಜ್ವರ ಬಂದು ಹೋಗ್ಬಿಟ್ರು. ಅಕ್ಕಿ ಉಳೀತು. ಡಬ್ಬಿ ಮುಚ್ಚಳ ತೆಗೆದ್ರೆ ಅವರ ಪಾಲೇ ಕಾಣ್ತಿತ್ತು. ಇಷ್ಟು ದಿನ ಹೇಗೆ ಕಳೀಲಿ ಅಂತ ಡಬ್ಬಿಯೇ ನನ್ನನ್ನ ಕೇಳ್ತಿತ್ತು. ಆವಾಗ ಆ ಮನ್ನದ ಕಥೆ ಓದಿದ್ದು. ಚಿಕ್ಕಂದಿನಿಂದ ಗೊತ್ತಿದ್ದ ಕಥೆಯೇ, ಅರ್ಥ ಆದದ್ದು ಅವತ್ತು. ಅಕ್ಕಿ ಎಲ್ಲ ಬಿಡಾರದವರಿಗೆ ಹಂಚಿದೆ. ಇವತ್ತೊಂದು ದಿನ ಬದುಕಿಸು, ನಾಳೆ ಬೆಳಿಗ್ಗೆ ಮತ್ತೆ ಬಂದು ಕೇಳ್ತೇನೆ ಅಂದೆ. ಇನ್ನೂ ಕೇಳ್ತಾ ಇದ್ದೇನೆ."

ಆ ಖಾಲಿ ಡಬ್ಬಿಯನ್ನು ತುಂಬಿಸಿಟ್ಟು ಬಿಂಕಪಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವರು ಮಾತ್ರ, "ನೋಡು ನೋಡು, ನುಂಗಿದ್ಲು ಕಳ್ಳಿ" ಎಂದು ಮಗುವಿನ ಗದ್ದ ಒರೆಸಿದರು.

ಆಮೇಲೆ ಅದೇ ಪರಿಪಾಠವಾಯಿತು. ಬೆಳಗಾದರೆ ಬಾಗಿಲಲ್ಲಿ ಕೊಡೆ ಮಡಚುವ ಸದ್ದು, "ಇವತ್ತಿನದ್ದು ಬಂತಾ?" ಎಂಬ ಪ್ರಶ್ನೆ. ಮಗು ಉಸಿರಾಡುತ್ತಿದೆಯೇ ಎಂದು ಕೇಳುವ ಅವರ ರೀತಿ ಅದು. "ಬಂತು" ಎನ್ನುತ್ತಿದ್ದೆ. ನಾನು ಕೊಲ್ಲೂರಿನ ಅಮ್ಮನನ್ನು ಕೇಳುತ್ತಿದ್ದೆ, ಅವರು ಗೋಡೆಯಾಚೆ ತಮ್ಮವನನ್ನು ಕೇಳುತ್ತಿದ್ದರು, ಇಬ್ಬರೂ ಒಂದೊಂದೇ ದಿನ. ಶನಿವಾರ ಮಾತ್ರ ನಾನು, "ಇವತ್ತು ಎರಡು ಪಾಲು ಕೇಳಬಹುದಾ?" ಎಂದರೆ, "ಅದಕ್ಕೆ ಅಡ್ಡಿಯಿಲ್ಲ" ಎಂದು ಗಂಭೀರವಾಗಿ ಒಪ್ಪುತ್ತಿದ್ದರು. ನವರಾತ್ರಿಯ ಹೊತ್ತಿಗೆ ಮಗು ಸಾಲುಮನೆಗೆಲ್ಲ ಕೇಳಿಸುವಂತೆ ಅತ್ತಿತು. ಎಸ್ತರಮ್ಮ ಯಂತ್ರ ನಿಲ್ಲಿಸಿ ಓಡಿಬಂದು, "ಅಬ್ಬ, ಇನ್ನು ನನ್ನ ಕೀರ್ತನೆಗೆ ಎದುರಾಳಿ ಬಂದ್ಲು" ಎಂದರು.

ಮಗಳಿಗೆ ಮೂರು ತುಂಬಿದ ವರ್ಷ ಎಸ್ತರಮ್ಮ ಊರು ಬಿಟ್ಟರು. ಘಟ್ಟದ ಕೆಳಗೆ ಅವರ ತಮ್ಮನ ಹೆಂಡತಿ ತೀರಿಕೊಂಡಿದ್ದರು, ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕಿತ್ತು. ಹೊಲಿಗೆಯ ಯಂತ್ರವನ್ನು ಬಸ್ಸಿನ ಮೇಲೆ ಏರಿಸಿದರು. ಮಗಳ ಕೈಗೆ ಒಂದು ಹಸಿರು ಲಂಗ ಕೊಟ್ಟು, "ನಿನ್ನಮ್ಮ ಪೆಟ್ಟಿಗೇಲಿ ಮುಚ್ಚಿಡ್ತಾಳೆ, ಬಿಡ್ಬೇಡ. ದಿನಾ ಉಟ್ಕೋ" ಎಂದರು. ನನಗೆ ಅಳು ತಡೆಯಲಾಗಲಿಲ್ಲ. "ಕಾಗದ ಬರೀರಿ" ಎಂದೆ. "ನೋಡೋಣ ಮಾರಾಯ್ತಿ, ಇವತ್ತು ಊರು ಮುಟ್ಟುವಾ" ಎಂದು ಬಸ್ಸು ಹತ್ತಿದರು. ಮುಂದಿನ ಮಳೆಗಾಲದಲ್ಲಿ ಅವರು ಹೋದ ಸುದ್ದಿ ಬಂತು. ಮಲಗಿದವರು ಏಳಲಿಲ್ಲವಂತೆ.

ಮಗಳು ಶಾಲೆಗೆ ಸೇರುವ ವರ್ಷ ಆ ಲಂಗ ಮೊಣಕಾಲಿಗೆ ಬಂದಿತ್ತು. ಬಿಡಲೊಲ್ಲಳು. ಅಂಚು ಸ್ವಲ್ಪ ದಪ್ಪಗಿದೆಯಲ್ಲ ಎಂದು, ಅವಳು ಉಟ್ಟಿದ್ದಂತೆಯೇ, ಹೊಲಿಗೆ ಬಿಚ್ಚಿದೆ. ಒಳಗೆ ಒಂದು ಮಡಿಕೆ ಬಟ್ಟೆ. ಅದನ್ನು ಬಿಡಿಸಿದರೆ ಅದರೊಳಗೆ ಇನ್ನೊಂದು. ಅದರೊಳಗೆ ಮತ್ತೊಂದು. ಬಟ್ಟೆ ಇಳಿಯುತ್ತಲೇ ಹೋಯಿತು, ಮಗಳ ಪಾದ ದಾಟಿ ನೆಲದ ಮೇಲೆ ಹರಡಿತು. ಅವಳು ದೊಡ್ಡ ಹುಡುಗಿಯಾಗುವವರೆಗೆ ಸಾಲುವಷ್ಟು ಉದ್ದ.

ನನಗೆ ಒಂದು ದಿನದ್ದು ಮಾತ್ರ ಕೇಳು ಎಂದು ಹೇಳಿ, ತಾವು ಗೋಡೆಯಾಚೆ ಕೂತು ಇಷ್ಟೊಂದು ವರ್ಷ ಕೇಳಿದ್ದಾರೆ! "ಎಸ್ತರಮ್ಮಾ, ಮೋಸಗಾತಿ" ಎಂದು ಗೋಡೆಗೆ ಕೇಳುವಂತೆ ಗಟ್ಟಿಯಾಗಿ ಬೈದೆ. ಆಚೆ ಮನೆಗೆ ಆಗ ಬೇರೆ ಯಾರೋ ಬಂದಿದ್ದರು. ಪಾಪ, ಏನಾಯಿತೆಂದು ಜಗಲಿಗೆ ಓಡಿಬಂದರು.