ನೀರಿಗಿಳಿದ ರುಬೀನ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ರುಬೀನ ಇರುವ ಕಟ್ಟಡದ ತಾರಸಿಯ ಮೇಲೆ ಒಂದು ಈಜುಕೊಳವಿದೆ. ಬಾಡಿಗೆಗೆ ಬಂದ ದಿನವೇ ವಾಚ್‌ಮನ್ ಅದನ್ನು ಹೆಮ್ಮೆಯಿಂದ ತೋರಿಸಿದ್ದ. ರುಬೀನ ಬಾಗಿಲಲ್ಲೇ ನಿಂತು ಇಣುಕಿ, ಬೇರೆ ಯಾರದೋ ಮನೆಯ ಹಜಾರ ನೋಡಿದವಳಂತೆ ಹಿಂದೆ ಸರಿದಿದ್ದಳು. ಆಮೇಲೆ ವರ್ಷಗಟ್ಟಲೆ ಅವಳು ತಾರಸಿಗೆ ಹೋದದ್ದು ಹಪ್ಪಳ ಒಣಗಿಸಲು ಮಾತ್ರ, ಅದೂ ಕೊಳಕ್ಕೆ ಬೆನ್ನು ಹಾಕಿ.

ಅವಳು ಹುಟ್ಟಿದ್ದು ಉಚ್ಚಿಲದಲ್ಲಿ, ಸಮುದ್ರದ ಸದ್ದು ಅಡುಗೆಮನೆಗೆ ಕೇಳುವಷ್ಟು ಹತ್ತಿರದ ಮನೆಯಲ್ಲಿ. ಅಲ್ಲಿ ಗಂಡುಮಕ್ಕಳು ಶಾಲೆಯಿಂದ ಬಂದವರೇ ಚೀಲ ಎಸೆದು ಅಲೆಗೆ ಹಾರುತ್ತಿದ್ದರು. ಹುಡುಗಿಯರು ಲಂಗದ ಅಂಚು ಒದ್ದೆ ಮಾಡಿಕೊಂಡು ಬಂದರೂ ಬೈಗುಳ. ಮದುವೆಯಾಗಿ ಮಸೂದನ ಜೊತೆ ಇಲ್ಲಿಗೆ ಬಂದರೆ ಇಲ್ಲಿಯೂ ಕಿಟಕಿಯ ಆಚೆ ಸಮುದ್ರವೇ. ಮಸೂದ್ ಮುಸಫ್ಫಾದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಾನೆ. ರುಬೀನ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಹೆಂಗಸರು ಮೇಲೆ ತೊಡುವ ಅಬಾಯಗಳ ಉದ್ದ ತಗ್ಗಿಸಿ, ತೋಳು ಸರಿ ಮಾಡಿ ಕೊಡುತ್ತಾಳೆ. ಕೂತು ಕೂತು, ಪೆಡಲ್ ತುಳಿದು ತುಳಿದು ಅವಳ ಮಂಡಿ ಹೋಯಿತು.

"ನೀರಿನಲ್ಲಿ ನಡೆಯಿರಿ, ಸಾಧ್ಯವಾದರೆ ಈಜಿ," ಎಂದರು ಡಾಕ್ಟರು.

ಆ ಮಾತನ್ನು ರುಬೀನ ನಗೆಚಾಟಿಕೆಯಂತೆ ಪಕ್ಕದ ಫ್ಲಾಟಿನ ಡೆಲ್ಫಿನ್‌ಗೆ ಹೇಳಿದಳು. ಊರಿನ ಕ್ರಿಸ್ತರ ಹೆಂಗಸರನ್ನು ಕರೆಯುವಂತೆ ಅವಳನ್ನು ರುಬೀನ 'ಬಾಯಿ' ಎಂದೇ ಕರೆಯುತ್ತಿದ್ದಳು. ಡೆಲ್ಫಿನ್ ಕಲ್ಯಾಣಪುರದವಳು, ಆಸ್ಪತ್ರೆಯಲ್ಲಿ ನರ್ಸ್, ಸುವರ್ಣಾ ನದಿಯಲ್ಲಿ ಈಜು ಕಲಿತ ಗಟ್ಟಿಗಿತ್ತಿ. ಅವಳು ನಗಲಿಲ್ಲ.

"ಮೇಲೆ ಕೊಳ ಉಂಟು, ಕೆಳಗೆ ನಾನಿದ್ದೇನೆ. ಇನ್ನೆಂತ ಬೇಕು ಮಾರಾಯ್ತಿ ನಿನಗೆ?"

"ಬಟ್ಟೆ ಬೇಕಲ್ಲ ಬಾಯಿ. ನಿಮ್ಮ ಹಾಗೆ ತೊಡೆ ಕಾಣುವ ಹಾಗೆ ನನ್ನಿಂದಾಗುವುದಿಲ್ಲ."

"ಊರಿಗೆಲ್ಲ ಹೊಲಿಯುತ್ತೀ. ನಿನಗೊಂದು ಹೊಲಿದುಕೊಳ್ಳಲಿಕ್ಕೆ ಆಗುವುದಿಲ್ಲವಾ?"

ರುಬೀನ ಹೊಲಿದಳು. ಈಜುಡುಗೆಗೇ ಬಳಸುವ ಜಾರುವ ಬಟ್ಟೆಯನ್ನು ತಂದು ಉದ್ದ ತೋಳಿನ, ಮಂಡಿ ಮುಟ್ಟುವ ನಿಲುವಂಗಿ, ಅದರಡಿಗೆ ಕಣಕಾಲಿನವರೆಗೆ ಪ್ಯಾಂಟು, ತಲೆಗೆ ಬಿಗಿಯಾದ ಟೊಪ್ಪಿ. ಕಡುನೀಲಿ. ಕುತ್ತಿಗೆಯ ಹತ್ತಿರ ಯಾರೂ ಕೇಳದಿದ್ದರೂ ಒಂದು ಹಳದಿ ಪಟ್ಟಿ ಇಟ್ಟಳು.

ಮಸೂದ್ ಅದನ್ನು ಎತ್ತಿ ಹಿಡಿದು ನೋಡಿ, "ಇದೆಂತದು, ಡೈವರಾ ನೀನು?" ಎಂದ. ಬೇಡ ಎನ್ನಲಿಲ್ಲ.

ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ಕೊಳ ಖಾಲಿಯಿರುತ್ತಿತ್ತು. ಡೆಲ್ಫಿನ್‌ಗೆ ರಾತ್ರಿಪಾಳಿ ಮುಗಿದ ಬೆಳಿಗ್ಗೆ ಅವರಿಬ್ಬರೂ ಮೇಲೆ ಹೋಗುತ್ತಿದ್ದರು. ಮೊದಲ ಸಲ ರುಬೀನ ಏಣಿಯ ಕಂಬಿಯನ್ನು ಬಿಡಲೇ ಇಲ್ಲ. ಎದೆಯವರೆಗಿನ ನೀರಿನಲ್ಲಿ ನಿಂತು ದೇವರ ಹೆಸರೆತ್ತಿ ಕಲಿಮ ಹೇಳಿದಳು, ಡೆಲ್ಫಿನ್‌ಗೆ ಬೈದಳು. ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಅವಳ ಬೆನ್ನ ಕೆಳಗಿದ್ದ ಕೈಯನ್ನು ಡೆಲ್ಫಿನ್ ಮೆಲ್ಲಗೆ ತೆಗೆದುಬಿಟ್ಟಳು. ರುಬೀನ ಮುಳುಗಲಿಲ್ಲ. ಕಿವಿಯಲ್ಲಿ ನೀರು, ಮುಖದ ಮೇಲೆ ಬಿಸಿಲು, ಮಂಡಿಯಲ್ಲಿ ನೋವೇ ಇಲ್ಲ. ಇಷ್ಟು ದಿನ ಈ ದೇಹವನ್ನು ತಾನೊಬ್ಬಳೇ ಹೊತ್ತು ತಿರುಗುತ್ತಿದ್ದೆ ಎಂದು ಅವಳಿಗೆ ಆಗ ತಿಳಿಯಿತು.

ಆಮೇಲೆ ಕೈಕಾಲು ಬಡಿದು ಈಜುವುದೂ ಬಂತು. ಅದಾದ ಮರುವಾರವೇ ಕಟ್ಟಡದ ಮ್ಯಾನೇಜರು ತಾರಸಿಗೆ ಬಂದ. ಕೈಯಲ್ಲಿ ಕೀಲಿಗೊಂಚಲು ಕುಣಿಸುತ್ತ, "ಮೇಡಂ, ಬಟ್ಟೆ ಹಾಕಿಕೊಂಡು ಪೂಲಿಗೆ ಇಳಿಯುವ ಹಾಗಿಲ್ಲ. ಹೊರಗೆ ಬನ್ನಿ," ಎಂದು ಹಿಂದಿಯಲ್ಲಿ ಹೇಳಿದ.

"ಇದು ಈಜುವ ಬಟ್ಟೆಯೇ," ಎಂದಳು ರುಬೀನ.

"ನೀರು ಗಲೀಜಾಗುತ್ತದೆ ಅಂತ ಕಂಪ್ಲೇಂಟ್ ಬಂದಿದೆ."

ಡೆಲ್ಫಿನ್ ತನ್ನ ಈಜುಡುಗೆಯ ಪಟ್ಟಿಯನ್ನೂ ರುಬೀನಳ ತೋಳನ್ನೂ ಒಟ್ಟಿಗೆ ಹಿಡಿದು, ಎರಡೂ ಒಂದೇ ಬಟ್ಟೆ, ಮುಟ್ಟಿ ನೋಡು ಎಂದು ಗದರಿದಳು. ಅವನು ಮುಟ್ಟಲಿಲ್ಲ, ಕೇಳಲೂ ಇಲ್ಲ. ಅಂದು ರುಬೀನ ಹೊರಗೆ ಬಂದಳು. ಒದ್ದೆ ಬಟ್ಟೆಯ ಮೇಲೆ ಅಬಾಯ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಮುಖ ಸುಡುತ್ತಿತ್ತು.

ಸುದ್ದಿ ಹೇಗೆ ಹೋಯಿತೋ, ಬನಿಯಾಸ್‌ನಲ್ಲಿರುವ ಮಸೂದನ ಅಣ್ಣ ಇದಿನಬ್ಬರಿಗೆ ಮುಟ್ಟಿತು. ಅವರು ಶುಕ್ರವಾರ ಜುಮ್ಮಾ ಮುಗಿಸಿ ನೇರ ಊಟಕ್ಕೆ ಬಂದರು. ಕೋರಿರೊಟ್ಟಿಯ ಮೇಲೆ ಸಾರು ಹಾಕಿಸಿಕೊಂಡು, ತಮ್ಮನ ಕಡೆ ನೋಡುತ್ತ ಮಾತು ತೆಗೆದರು.

"ಮನೆಯ ಹೆಂಗಸು ತಾರಸಿಯ ಮೇಲೆ ಒದ್ದೆ ಬಟ್ಟೆಯಲ್ಲಿ ಇರುತ್ತಾಳಂತೆ. ಮ್ಯಾನೇಜರು ಓಡಿಸಿದನಂತೆ. ನಮಗೆ ತಲೆ ಎತ್ತಿ ನಡೆಯುವುದು ಬೇಡವಾ ಮಸೂದ್?"

ಮಸೂದ್ ರೊಟ್ಟಿ ಮುರಿಯುತ್ತ ಕೂತ. ಅಣ್ಣನ ಎದುರು ಅವನು ಎಂದೂ ಮಾತಾಡಿದವನಲ್ಲ. ಅಡುಗೆಮನೆಯ ಬಾಗಿಲಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದ ರುಬೀನಳೂ ಅಲ್ಲಿಯವರೆಗೆ ಮಾತಾಡಿದವಳಲ್ಲ.

"ಕಾಕ," ಎಂದಳು ಭಾವನಿಗೆ, "ಮ್ಯಾನೇಜರಿಗೆ ನಾನು ಹಾಕಿದ ಬಟ್ಟೆ ಜಾಸ್ತಿಯಾಯಿತು. ನಿಮಗೆ ಕಡಿಮೆಯಾಯಿತು. ಬಟ್ಟೆ ಹೊಲಿಯುವವಳು ನಾನು, ಅಳತೆ ನನಗೆ ಗೊತ್ತುಂಟು. ನಾನು ಈಜುವುದನ್ನು ನಿಲ್ಲಿಸುವುದಿಲ್ಲ."

"ನೋಡು, ನೋಡು! ಹೇಗೆ ಮಾತಾಡುತ್ತಾಳೆ!"

"ಮಂಡಿ ನನ್ನದು ಕಾಕ. ನೋವು ನಿಮಗೆ ಬರುವುದಿಲ್ಲ. ಇನ್ನು ಸ್ವಲ್ಪ ಸಾರು ಹಾಕಲಾ?"

ಇದಿನಬ್ಬರು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು.

"ಅಣ್ಣನದ್ದು ಬಿಡು," ಎಂದ ಮಸೂದ್, ಬಾಗಿಲು ಹಾಕಿಕೊಂಡ ಮೇಲೆ. "ಮ್ಯಾನೇಜರು ಕಂಪ್ಲೇಂಟು ಕೊಟ್ಟು, ನಮ್ಮ ಕಂಪೆನಿಗೆ ಗೊತ್ತಾದರೆ ವೀಸಾದ ಗತಿ ಎಂತ?"

"ನೀರಿಗೆ ಇಳಿದದ್ದಕ್ಕೆ ಹೋಗುವ ವೀಸಾ ಆದರೆ ಹೋಗಲಿ."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಆ ಭಯ ಇಲ್ಲಿಗೆ ದುಡಿಯಲು ಬಂದ ಎಲ್ಲರಿಗೂ ಇರುವಂಥದ್ದು, ಅವಳಿಗೂ ಇತ್ತು. ಆದರೂ ಸೋಮವಾರ ಬೆಳಿಗ್ಗೆ, ಡೆಲ್ಫಿನ್ ಡ್ಯೂಟಿಗೆ ಹೋಗಿದ್ದಾಗ, ರುಬೀನ ಒಬ್ಬಳೇ ತಾರಸಿ ಹತ್ತಿ ನೀರಿಗಿಳಿದಳು. ಮ್ಯಾನೇಜರು ಓಡಿ ಬಂದ. ಕೂಗಾಡಿದ. ಪೊಲೀಸರನ್ನು ಕರೆಯುತ್ತೇನೆ ಎಂದ.

"ಕರೆಯಿರಿ," ಎಂದಳು ಅವಳು, ತನಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ. "ಈ ದೇಶದ ಪೊಲೀಸರು ಬಂದು ಈ ಬಟ್ಟೆ ತಪ್ಪು ಅಂತ ಹೇಳಲಿ. ಅಲ್ಲಿಯವರೆಗೆ ನಾನು ನೀರಿನಲ್ಲೇ ಇರುತ್ತೇನೆ."

ಅವನು ಫೋನನ್ನು ಕಿವಿಗಿಟ್ಟ, ತೆಗೆದ, ಮತ್ತೆ ಇಟ್ಟ. ಯಾರಿಗೂ ಕರೆ ಮಾಡಲಿಲ್ಲ. ಕೊಳದ ಸುತ್ತ ಎರಡು ಸಲ ತಿರುಗಿ "ಖಲಾಸ್, ಖಲಾಸ್" ಎಂದು ಗೊಣಗುತ್ತ ಕೆಳಗಿಳಿದ. ರುಬೀನ ಕೈಬೆರಳು ಸುಕ್ಕುಗಟ್ಟುವವರೆಗೆ ಈಜಿದಳು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಒಂದು ಸಲವೂ ಕಂಬಿ ಹಿಡಿಯದೆ.

ಮರುದಿನ ತಾರಸಿಯ ಬಾಗಿಲಿಗೆ ಬೀಗ. ದುರಸ್ತಿಗಾಗಿ ಮುಚ್ಚಿದೆ ಎಂದು ಬೋರ್ಡು. ಯಾವ ದುರಸ್ತಿಯೂ ನಡೆಯಲಿಲ್ಲ. ಮಕ್ಕಳ ತಾಯಂದಿರು ಲಿಫ್ಟ್‌ನಲ್ಲಿ ರುಬೀನಳನ್ನು ಕಂಡರೆ ಮುಖ ತಿರುಗಿಸಿದರು, ನಿನ್ನಿಂದಾಗಿ ಎಲ್ಲರಿಗೂ ಇಲ್ಲದಾಯಿತು ಎಂಬಂತೆ. ಅದು ಅವಳನ್ನು ಮ್ಯಾನೇಜರನ ಕೂಗಾಟಕ್ಕಿಂತ ಹೆಚ್ಚು ನೋಯಿಸಿತು. ಒಂದು ದಿನ ಅವಳೇ ಬಾಯಿ ಬಿಟ್ಟಳು. "ಬೀಗ ಹಾಕಿದ್ದು ನಾನಲ್ಲ. ಕೀಲಿ ಇರುವವನ ಹತ್ತಿರ ಕೇಳಿ." ಯಾರೂ ಕೇಳಲಿಲ್ಲ. ಕೊಳ ಮುಚ್ಚಿಯೇ ಉಳಿಯಿತು.

"ಈಗೆಂತ ಮಾಡುವ?" ಎಂದಳು ಡೆಲ್ಫಿನ್.

"ಸಮುದ್ರಕ್ಕೆ ಬೀಗ ಹಾಕಲಿಕ್ಕೆ ಆಗುತ್ತದಾ ಬಾಯಿ?"

ಕಾರ್ನಿಶ್‌ನ ಸಾರ್ವಜನಿಕ ಬೀಚಿನಲ್ಲಿ ಶನಿವಾರ ಬೆಳಿಗ್ಗೆ ಲೋಕದ ಎಲ್ಲ ಬಗೆಯ ಜನ. ಬಿಕಿನಿಯವರು, ಪೈಜಾಮದವರು, ಕುರ್ತಾ ಹಾಕಿ ಕುತ್ತಿಗೆಯವರೆಗೆ ನೀರಲ್ಲಿ ಕೂತ ಅಜ್ಜಂದಿರು. ರುಬೀನಳನ್ನು ಯಾರೂ ತಿರುಗಿ ನೋಡಲಿಲ್ಲ. ಉಪ್ಪುನೀರು ಮೂಗಿಗೆ ನುಗ್ಗಿ ಕಣ್ಣು ಉರಿಯಿತು. ಬಾಲ್ಯದುದ್ದಕ್ಕೂ ದೂರದಿಂದ ಕೇಳಿದ ಸಮುದ್ರ ಈಗ ಅವಳ ಗಲ್ಲಕ್ಕೆ ಬಡಿಯುತ್ತಿತ್ತು. ಅವಳು ಈಜುವವರ ಗಡಿಗೆಂದು ಕಟ್ಟಿದ ತೇಲುಬುರುಡೆಗಳ ಹಗ್ಗದವರೆಗೆ ಹೋಗಿ ಅದನ್ನು ಮುಟ್ಟಿ ಬಂದಳು. ಮಸೂದನೂ ಜೊತೆಗೆ ಬಂದಿದ್ದ. ಟವೆಲ್ ತೊಡೆಯ ಮೇಲಿಟ್ಟುಕೊಂಡು, ಸಂಕೋಚದಿಂದ ಸಮುದ್ರಕ್ಕೆ ಬೆನ್ನು ಹಾಕಿ, ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ. ಬಂದು ಕೂತಿದ್ದಾನಲ್ಲ, ಅವಳಿಗೆ ಅಷ್ಟು ಸಾಕಾಯಿತು.

ಮಂಡಿನೋವು ಪೂರ್ತಿ ಹೋಗಲಿಲ್ಲ. ಇದಿನಬ್ಬರು ಆ ವರ್ಷದ ಈದಿನ ಪೆರ್ನಾಲ್ ಹಬ್ಬಕ್ಕೆ ತಮ್ಮನ ಮನೆಗೆ ಬರಲಿಲ್ಲ. ಬಂದದ್ದು ಅವರ ಮಗಳು ಜಸೀಲಳ ಫೋನು.

"ಚಿಕ್ಕಮ್ಮ, ನನಗೂ ಅಂಥದ್ದೊಂದು ಹೊಲಿದು ಕೊಡ್ತೀರಾ? ಬಾಪನಿಗೆ ಗೊತ್ತಾಗುವುದು ಬೇಡ."

"ಹೊಲಿಯುತ್ತೇನೆ. ಆದರೆ ಕದ್ದು ಬರುವುದಾದರೆ ಬೇಡ. ಬಾಪನ ಹತ್ತಿರ ನೀನೇ ಹೇಳು, ಬೈಸಿಕೋ, ಆಮೇಲೆ ಬಾ."

"ನೋಡ್ತೇನೆ," ಎಂದು ಜಸೀಲ ಫೋನಿಟ್ಟಳು.

ಎರಡು ಶನಿವಾರ ಕಳೆದ ಮೇಲೆ ಜಸೀಲ ಬಸ್ಸು ಹಿಡಿದು ಬಂದಳು. ಅತ್ತು ಅತ್ತು ಕಣ್ಣು ಊದಿತ್ತು, ಆದರೆ ಬಂದಿದ್ದಳು. ಅವಳು ಹೇಳಿದ್ದಾಗಿತ್ತು, ಬೈಸಿಕೊಂಡದ್ದೂ ಆಗಿತ್ತು. ರುಬೀನ ಟೇಪು ತೆಗೆದು ಅವಳ ಭುಜದ ಅಳತೆ ಹಿಡಿದಳು.

"ನೆಟ್ಟಗೆ ನಿಲ್ಲು," ಎಂದಳು. "ಬಗ್ಗಿ ನಿಂತರೆ ಅಳತೆ ತಪ್ಪುತ್ತದೆ."