ರೈಟರು ಹತ್ತಿಸಿದ ಗುಡ್ಡ

ಅವರ ಎರಡೂ ಕಾಲುಗಳಲ್ಲಿ ಮೊಣಕಾಲಿನಿಂದ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳಿದ್ದವು. ನಲವತ್ತು ಮಳೆಗಾಲ ಇಂಬಳ, ಅಂದರೆ ಕಾಡುಜಿಗಣೆ, ಕಚ್ಚಿ ಕಚ್ಚಿ ಉಳಿದ ಕಲೆಗಳು. ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಅವರು ನಮ್ಮ ಅಂಗಳಕ್ಕೆ ಬಂದು ನಿಂತರೆ, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡು ಸಿದ್ಧರಾದ ಅತಿಥಿಗಳ ಕಣ್ಣು ಮೊದಲು ಆ ಕಾಲುಗಳ ಮೇಲೇ ಬೀಳುತ್ತಿತ್ತು. "ಹೆದರ್ಕೋಬೇಡಿ. ಅವಕ್ಕೆ ನನ್ನ ರಕ್ತ ಅಭ್ಯಾಸ ಆಗೈತೆ, ನಿಮ್ಮ ತಂಟೆಗೆ ಬರಕ್ಕಿಲ್ಲ" ಎನ್ನುತ್ತಿದ್ದರು. ಸುಳ್ಳು. ವಾಪಸು ಬರುವಾಗ ಎಲ್ಲರ ಕಾಲಲ್ಲೂ ರಕ್ತ ಇರುತ್ತಿತ್ತು.

ಊರೆಲ್ಲ ಅವರನ್ನು ರೈಟರು ಎಂದೇ ಕರೆಯುತ್ತಿತ್ತು. ಹೊಂಗಡಹಳ್ಳದಿಂದ ಆಚೆಗಿನ ದೊಡ್ಡ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುತ್ತ ಆಯಸ್ಸಿನ ಬಹುಪಾಲು ಕಳೆದವರು. ಕೆಲಸ ಬಿಟ್ಟ ಮೇಲೂ ಅಂಗಿ ಜೇಬಿನಲ್ಲಿ ಪೆನ್ನು ಇದ್ದೇ ಇರುತ್ತಿತ್ತು. ಎಸ್ಟೇಟಿನ ಮೂಲೆ ಮೂಲೆಗೂ ನಡೆದೇ ಹೋಗಿ ಹಾಜರಿ ಬರೆದವರಾದ್ದರಿಂದ ಹೊಳೆಯಿಂದ ಹಿಡಿದು ಮೇಲಿನ ಬೋಳುಗುಡ್ಡದವರೆಗಿನ ಕಾಲುದಾರಿಗಳೆಲ್ಲ ಅವರಿಗೆ ಗೊತ್ತಿದ್ದವು. ನಾವು ಮನೆಯ ಹಿಂದಿನ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದಾಗ, ಬಂದವರಿಗೆ ಕಣಿವೆ ತೋರಿಸಲು ನನ್ನ ಗಂಡ ಮೊದಲು ಕೇಳಿದ್ದು ಅವರನ್ನೇ.

ಅವರು ಜನರನ್ನು ಕರೆದೊಯ್ಯುವ ರೀತಿಯೇ ಬೇರೆ. ನೂರು ಹೆಜ್ಜೆಗೊಮ್ಮೆ ನಿಲ್ಲಿಸಿ, "ಒಂದ್ಸಲ ಹಿಂದಕ್ಕೆ ತಿರುಗಿ ನೋಡ್ರಿ. ಬರ್ತಾ ಇದೇ ದಾರಿ ಬೇರೆ ತರ ಕಾಣ್ತದೆ" ಎನ್ನುತ್ತಿದ್ದರು. ಜಲಪಾತದ ಹತ್ತಿರ ಹಾಡು ಹಾಕಿದವರ ಫೋನಿನ ಕಡೆ ಒಂದು ನೋಟ ನೋಡಿ ಸುಮ್ಮನೆ ನಿಂತುಬಿಡುತ್ತಿದ್ದರು, ಹಾಡು ನಿಲ್ಲುವವರೆಗೆ ಒಂದು ಹೆಜ್ಜೆಯೂ ಮುಂದಿಡುತ್ತಿರಲಿಲ್ಲ. ಸಂಜೆ ವಾಪಸು ಬಂದ ಮೇಲೆ ಹಿತ್ತಲ ಕಡೆಯ ಕಟ್ಟೆಯಲ್ಲಿ ಕೂತು, "ನಿಮ್ಮ ಕಷಾಯ ಐತಾ ತಾಯಿ?" ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ಮನೆಮಟ್ಟಿಗೆ ಮಾಡುತ್ತಿದ್ದ ಪ್ಯಾಷನ್ ಫ್ರೂಟ್ ವೈನಿಗೆ ಅವರು ಇಟ್ಟ ಹೆಸರು ಅದು. ಅರ್ಧ ಲೋಟ, ಅದಕ್ಕಿಂತ ಒಂದು ಗುಟುಕು ಹೆಚ್ಚಿಲ್ಲ.

ಒಂದು ನವೆಂಬರಿನಲ್ಲಿ ಮೈಸೂರಿನಿಂದ ಆರು ಜನ ಬಂದಿದ್ದರು. ಬೆಳಿಗ್ಗೆ ರೈಟರ ಜೊತೆ ಹೊರಟವರು ಮಧ್ಯಾಹ್ನದ ಊಟಕ್ಕೂ ಮುಂಚೆ ಸಿಟ್ಟಿನಿಂದ ವಾಪಸಾದರು. ಗುಡ್ಡದ ನೆತ್ತಿ ಇನ್ನು ಹತ್ತು ನಿಮಿಷ ಇರುವಾಗ ರೈಟರು ನಿಂತು, ಮೋಡ ಕಟ್ಟುತ್ತಿದೆ, ಇಳಿಯೋಣ ಎಂದರಂತೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲವಂತೆ.

ಅತಿಥಿಗಳ ಎದುರಿಗೇ ನಾನು ಕೇಳಿದೆ. "ಎಲ್ಲಿದೆ ರೈಟರೇ ಮೋಡ?"

ಅವರು ಎತ್ತಿ ಕಟ್ಟಿದ್ದ ಪಂಚೆಯನ್ನು ಬಿಚ್ಚಿ ಕೆಳಗಿಳಿಸಿಕೊಂಡರು.

"ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ. ಬೇರೆ ಯಾರನ್ನಾದ್ರೂ ನೋಡ್ಕೋತೀವಿ."

"ಆಯ್ತು ತಾಯಿ" ಎಂದರು. ಕಟ್ಟೆಯಲ್ಲಿ ಕೂರಲೂ ಇಲ್ಲ. ಗೇಟು ದಾಟುವಾಗ ಕೈ ಚಾಚಿ ಕಂಬವನ್ನು ಮುಟ್ಟಿಕೊಂಡು ಹೋದದ್ದನ್ನು ನಾನು ನೋಡಿದೆ. ನೋಡಿದರೂ ಏನೂ ತಿಳಿಯಲಿಲ್ಲ.

ಒಂದು ವಾರವಾದರೂ ಅವರು ಬರಲಿಲ್ಲ. ಎಂಟನೆಯ ದಿನ ನಾನೇ ಅವರ ಮನೆಗೆ ಹೋದೆ. ಎಸ್ಟೇಟಿನ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳನ್ನು ದಾಟಿದರೆ ಸಿಗುವ, ಎರಡು ಕೋಣೆಯ ಹೆಂಚಿನ ಮನೆ. ರೈಟರು ಜಗಲಿಯಲ್ಲಿದ್ದರು. ಅವರ ಹೆಂಡತಿ ಕಾಫಿ ತಂದು ಅವರ ಪಕ್ಕದಲ್ಲಿಟ್ಟರು. ರೈಟರ ಕೈ ನೆಲವನ್ನು ಸವರುತ್ತ ಸವರುತ್ತ ಹೋಗಿ ಲೋಟವನ್ನು ತಾಕಿತು. ನನ್ನ ಮುಖ ನೋಡಿ ಆಕೆಯೇ ಹೇಳಿದರು.

"ಎಡಗಣ್ಣು ಪೂರ್ತಿ ಹೋಗ್ಬುಟ್ಟೈತೆ ಕಣವ್ವ. ಬಲಗಣ್ಣಲ್ಲಿ ಕೊಳವೆ ಒಳಗಿಂದ ನೋಡ್ದಂಗೆ ಕಾಣ್ತದಂತೆ. ಹೋಗಿದ್ದು ಇನ್ನು ಬರಕ್ಕಿಲ್ಲ ಅಂದ್ರು ಹಾಸನದ ಡಾಕ್ಟ್ರು."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ರೈಟರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಹೇಳಿದರು. "ಮೇಲ್ಗಡೆ ಒಂದು ಕಡೆ ದಾರಿ ಒಂದೇ ಅಡಿ ಅಗಲ ತಾಯಿ. ಪಕ್ಕದಲ್ಲಿ ಪೂರಾ ಇಳಿಜಾರು. ಅವತ್ತು ನಂಗೆ ಅಂಚು ಕಾಣ್ಲಿಲ್ಲ. ಅಂಚೇ ಕಾಣ್ದೋನು ಆರು ಜನನ್ನ ಹೆಂಗೆ ದಾಟಿಸ್ಲಿ?"

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗುಡ್ಡಕ್ಕೆ ಬಿಡ್ತಿದ್ರಾ ನನ್ನ?"

ಬಿಡುತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ಹೋಗಿದ್ದವಳ ಬಾಯಿಂದ ಬಂದದ್ದು ಬೇರೆಯೇ ಮಾತು. "ಹಾಗಾದ್ರೆ ನನಗೆ ದಾರಿ ಕಲಿಸಿ. ನಾನು ಮುಂದೆ ಹೋಗ್ತೀನಿ, ನೀವು ಹಿಂದೆ ಬನ್ನಿ."

ನಾನು ಕೆ. ಹೊಸಕೋಟೆ ಕಡೆಯವಳು. ಮದುವೆಯಾಗಿ ಈ ಕಣಿವೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಕಾಫಿ ಕಣದಿಂದ ಮೇಲಕ್ಕೆ ಒಮ್ಮೆಯೂ ಹೋಗಿರಲಿಲ್ಲ. ಬಂದವರಿಗೆ ಅಕ್ಕಿರೊಟ್ಟಿ ತಟ್ಟಿ ಕಳಿಸುತ್ತಿದ್ದೆ. ಅವರು ಫೋನಿನಲ್ಲಿ ತಂದು ತೋರಿಸಿದ ಗುಡ್ಡವನ್ನು ಅಡುಗೆಮನೆಯಲ್ಲೇ ನಿಂತು ನೋಡುತ್ತಿದ್ದೆ.

ಆ ಬೇಸಿಗೆಯೂ ಅದರ ಮುಂದಿನ ಬೇಸಿಗೆಯೂ ನಾವು ನಡೆದೆವು. ಬೆಳಿಗ್ಗೆ ಎದ್ದು, ಆನೆಗಳು ಯಾವ ಕಡೆ ಇವೆ ಎಂಬ ಅರಣ್ಯ ಇಲಾಖೆಯ ಮೆಸೇಜು ನೋಡಿಕೊಂಡು ಹೊರಡುತ್ತಿದ್ದೆವು. ಒಂದು ಕೋಲು, ಅದರ ಒಂದು ತುದಿ ನನ್ನ ಕೈಲಿ, ಇನ್ನೊಂದು ಅವರ ಕೈಲಿ. ಎಲ್ಲಿ ತಿರುಗಬೇಕು ಎನ್ನುವುದನ್ನು ಅವರು ಪಾದದಿಂದಲೇ ಹೇಳುತ್ತಿದ್ದರು. "ಕಲ್ಲು ಮುಗೀತು, ತರಗು ಸಿಕ್ತು. ಇಲ್ಲಿ ಬಲಕ್ಕೆ." ಹೊಳೆಯ ಸದ್ದು ಎಡಕಿವಿಯಿಂದ ಬಲಕಿವಿಗೆ ಬಂದರೆ ಸಾರ ದಾಟಿದೆವು ಎಂದು ಅರ್ಥ. ಸಾರ ಎಂದರೆ ಎರಡು ಅಡಿಕೆಮರ ಹಾಕಿದ ಕಾಲುಸೇತುವೆ.

ಆದರೆ ಅವರಿಗೆ ಅಷ್ಟೇ ಸಾಲದು. "ಏನು ಕಾಣ್ತದೆ ಹೇಳಿ" ಎನ್ನುತ್ತಿದ್ದರು. ಗುಡ್ಡ ಕಾಣುತ್ತದೆ, ಹಸಿರಾಗಿದೆ ಎಂದು ನಾನು ಹೇಳಿದರೆ ಸುಮ್ಮನೆ ಬಿಡುತ್ತಿರಲಿಲ್ಲ. "ಹಸ್ರು ಅಂದ್ರೆ ಯಾವ ಹಸ್ರು? ಬಾಳೆ ಸುಳಿದಾ, ಹಲಸಿನ ಎಲೆದಾ?" ಅವರಿಗೆ ಹೇಳಬೇಕಲ್ಲ ಎಂದು ನಾನು ನಿಂತು ನೋಡತೊಡಗಿದೆ. ಹುಲ್ಲುಗುಡ್ಡದ ಹಸಿರು ಬೆಳಿಗ್ಗೆ ಒಂದು, ಹನ್ನೊಂದು ಗಂಟೆಗೆ ಇನ್ನೊಂದು. ಹೊಳೆ ಬಂಡೆಯ ಮೇಲೆ ಬಿಳಿ, ಅದರ ಕೆಳಗೆ ಪಾಚಿಯ ಬಣ್ಣ, ಮರದ ನೆರಳಿನಲ್ಲಿ ಕಾಫಿ ಡಿಕಾಕ್ಷನ್ನಿನ ಹಾಗೆ. ನಲವತ್ತು ದಾಟಿದ ಮೇಲೆ ನಾನು ಕಣ್ಣು ಬಿಟ್ಟೆ ಎಂದರೆ ತಪ್ಪಿಲ್ಲ.

ಒಂದೇ ಅಡಿ ಅಗಲದ ಆ ದಾರಿಗೆ ಅವರು ನನ್ನನ್ನು ಕೊನೆಗೆ ಕರೆದೊಯ್ದರು. ಅಂಚಿನ ಹತ್ತಿರ ಬಂದು ನಾನು ನಿಂತುಬಿಟ್ಟೆ. "ಕೆಳಗೆ ನೋಡಿ ತಾಯಿ, ನೋಡ್ಬೇಡಿ ಅನ್ನಲ್ಲ. ನೋಡಿ ಆಮೇಲೆ ಹೆಜ್ಜೆ ಇಡಿ" ಎಂದರು. ದಾಟಿದೆ, ಕೋಲು ಹಿಡಿದು ಹಿಂದೆಯೇ ಅವರೂ ದಾಟಿದರು. ನೆತ್ತಿಯಲ್ಲಿ ಕೂತು ನಾನು ಒಂದರ ಹಿಂದೆ ಒಂದು ಗುಡ್ಡದ ಸಾಲುಗಳನ್ನು ಹೇಳುತ್ತ ಹೋದೆ. ಬಿಸಿಲೆ ಕಡೆಯ ಕಾಡು, ಅದರಾಚೆಯ ನೀಲಿ, ನಡುವೆ ಅಲ್ಲಲ್ಲಿ ಮಿನುಗಿ ಮಾಯವಾಗುವ ಹೊಳೆ. ಅವರು ಮುಖವನ್ನು ಗಾಳಿಗೆ ಹಿಡಿದು ಕೇಳಿದರು. "ಎಲ್ಲಾ ಇದ್ದಲ್ಲೇ ಐತೆ ಹಂಗಾದ್ರೆ" ಎಂದರು.

ಆ ಎರಡನೆಯ ಬೇಸಿಗೆ ಮುಗಿದ ಮೇಲೆ, ಜುಲೈನಲ್ಲಿ, ರೈಟರು ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟರು. ನಾನು ಅತ್ತೆಯ ಆಪರೇಷನ್ನಿಗೆಂದು ಹಾಸನದಲ್ಲಿದ್ದೆ. ಸುದ್ದಿ ತಿಳಿದು ಹೊರಟರೆ ರಸ್ತೆಗೆ ಮರ ಬಿದ್ದು ಬಸ್ಸು ದಾರಿಯಲ್ಲೇ ನಿಂತಿತು. ಮುಖ ನೋಡಲು ಸಿಗಲಿಲ್ಲ. ಅತಿಥಿಗಳ ಎದುರು ಆಡಿದ ಆ ಮಾತಿಗೆ ನಾನು ಒಮ್ಮೆಯೂ ಬಾಯಿಬಿಟ್ಟು ಕ್ಷಮೆ ಕೇಳಿರಲಿಲ್ಲ. ನಾಳೆ ಕೇಳಿದರಾಯಿತು, ಮುಂದಿನ ವಾರ ಕೇಳಿದರಾಯಿತು ಎಂದು ಎರಡು ಬೇಸಿಗೆ ಅವರ ಮುಂದೆ ಮುಂದೆ ನಡೆದಿದ್ದೆ.

ಮಳೆ ಕಡಿಮೆಯಾದ ಮೇಲೆ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಹೊರಡುವ ಮುಂಚೆ ಕೇಳಿದರು. "ಅವ್ರು ಹೋಗ್ತಿದ್ದ ಗುಡ್ಡ ನಾನು ನೋಡೇ ಇಲ್ಲ ಕಣವ್ವ. ಈ ಊರಲ್ಲೇ ಇದ್ಕೊಂಡು. ಒಂದ್ಸಲ ಕರ್ಕೊಂಡು ಹೋಗ್ತೀಯಾ?"

ನಾವಿಬ್ಬರೇ ಹೋದೆವು. ಅರವತ್ತೈದು ದಾಟಿದ ಆಕೆ ಕೂತು ಕೂತು ಹತ್ತಿದರು. ಕಿರಿದಾದ ದಾರಿಯಲ್ಲಿ ನನ್ನ ಕೈ ಬಿಡಲಿಲ್ಲ. ನೆತ್ತಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಆಕೆ ಸೆರಗಿನಿಂದ ಕತ್ತು ಒರೆಸಿಕೊಂಡು ಮುಂದಿನ ಕಣಿವೆಯನ್ನು ನೋಡಲಿಲ್ಲ. ತಿರುಗಿ, ಹತ್ತಿ ಬಂದ ದಾರಿಯನ್ನು, ಎಲ್ಲೋ ಕೆಳಗೆ ಬೆರಳಗಲ ಕಾಣುತ್ತಿದ್ದ ಲೈನ್ ಮನೆಗಳನ್ನು, ಅವುಗಳಾಚೆಯ ತಮ್ಮ ಮನೆಯ ಹೆಂಚನ್ನು ನೋಡುತ್ತ ನಿಂತರು.

"ಇಷ್ಟು ದೂರಾನಾ?" ಎಂದರು. "ಲೇಟಾಗಿ ಬಂದ್ರಿ ಅಂತ ದಿನಾ ಬೈತಿದ್ದೆ ಕಣವ್ವ ನಾನು."